ಜಾನ್ಸನ್ನನ ವಾರ್ಷಿಕ ಆತ್ಮಪರೀಕ್ಷೆ

ಯುಗಾದಿಯ ದಿನ ಪಂಚಾಂಗಶ್ರವಣಕ್ಕೆ ಕುಳಿತವನು ಬರಲಿರುವ ಸಂವತ್ಸರದಲ್ಲಿ ತನ್ನ ರಾಶಿಗೆ ಆಯವೆಷ್ಟು, ವ್ಯಯವೆಷ್ಟು ಎಂಬುದನ್ನು ಕೇಳಿ ತಿಳಿಯುತ್ತಾನೆ. ಕಳೆದ ಸಂವತ್ಸರದಲ್ಲಿ ತಾನು ಗಳಿಸಿದುದೇನು, ನೀಗಿದುದೇನು, ಕೊಡಬೇಕಾಗಿದ್ದು ಕೊಡದೆ ಉಳಿಸಿಕೊಂಡುದೇನು ಎಂಬುದನ್ನು ಅವನಿಗೆ ಓದಿಹೇಳುವವರು ಯಾರೂ ಇಲ್ಲ. ಆ ಓದನ್ನು ಪ್ರತಿಯೊಬ್ಬನೂ ತಾನೇ ಮಾಡಿಕೊಳ್ಳತಕ್ಕದ್ದು. ವರ್ಷಕ್ಕೊಮ್ಮೆ ನಿಂತು, ನಡೆದುಬಂದ ದಾರಿಯನ್ನು ತಿರುಗಿ ನೋಡಿ, ಮುಂದಿನ ವರ್ಷಕ್ಕೆ ಸಂಕಲ್ಪಗಳನ್ನು ಬರೆದಿಡುವ ಪದ್ಧತಿ ಶ್ರೇಯಸ್ಕರವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಪರೀಕ್ಷೆಯ ಬೆಲೆಯೆಲ್ಲ ಪರೀಕ್ಷಕನು ಹಿಡಿದಿರುವ ಅಳತೆಗೋಲಿನಲ್ಲಿದೆ. ಕೋಲು ತಪ್ಪಾದರೆ ಪ್ರಾಮಾಣಿಕತೆ ಎಷ್ಟಿದ್ದರೂ ಬರುವ ಲೆಕ್ಕ ಸುಳ್ಳಾಗುತ್ತದೆ. ಇದನ್ನು ವಿಚಾರಮಾಡಿ ನೋಡುವುದಕ್ಕೆ ಹದಿನೆಂಟನೆಯ ಶತಮಾನದ ಆಂಗ್ಲ ಪಂಡಿತ ಸ್ಯಾಮ್ಯುಯಲ್ ಜಾನ್ಸನ್ನನ ‘ಪ್ರಾರ್ಥನೆಗಳು ಮತ್ತು ಧ್ಯಾನಗಳು’ ಎಂಬ ಗ್ರಂಥಕ್ಕಿಂತ ತಕ್ಕ ಆಧಾರವನ್ನು ನಾನು ಕಾಣೆ.

ಜಾನ್ಸನ್ 1784ರ ಡಿಸೆಂಬರಿನಲ್ಲಿ ತೀರಿಕೊಂಡನು. ಅಂತ್ಯಕಾಲ ಸಮೀಪಿಸಿದಾಗ ಅವನು ಜಾರ್ಜ್ ಸ್ಟ್ರಾಹನ್ ಎಂಬ ಪಾದ್ರಿಯ ಕೈಗೆ ಒಪ್ಪಿಸಿದ ಖಾಸಗಿ ಕಾಗದಗಳು ಮರುವರ್ಷವೇ, 1785ರಲ್ಲಿ, ಪುಸ್ತಕವಾಗಿ ಹೊರಬಂದುವು. ಹೊಸವರ್ಷದ ಮೊದಲ ದಿನ, ಈಸ್ಟರ್ ಹಬ್ಬ, ಸೆಪ್ಟೆಂಬರ್ 18ರ ತನ್ನ ಜನ್ಮದಿನ, 1752ರಲ್ಲಿ ಗತಿಸಿದ ಹೆಂಡತಿಯ ಪುಣ್ಯತಿಥಿ, ಈ ಸಂದರ್ಭಗಳಲ್ಲೆಲ್ಲ ಅವನು ಏಕಾಂತದಲ್ಲಿ ಕುಳಿತು ಬರೆದುಕೊಂಡ ಪ್ರಾರ್ಥನೆಗಳೂ ಹಿನ್ನೋಟಗಳೂ ನಿಶ್ಚಯಗಳೂ ಅದರಲ್ಲಿ ಸೇರಿವೆ. ಬೆಳಗ್ಗೆ ಬೇಗ ಏಳಬೇಕು, ಆಲಸ್ಯವನ್ನು ಬಿಡಬೇಕು, ಬೈಬಲ್ಲನ್ನು ಕ್ರಮವಾಗಿ ಓದಬೇಕು, ದಿನಚರಿಯನ್ನಿಡಬೇಕು, ಕೋಣೆಯನ್ನು ಓರಣವಾಗಿಡಬೇಕು: ಇವೇ ನಿಶ್ಚಯಗಳು ಯೌವನ ಕಳೆದು ವೃದ್ಧಾಪ್ಯ ಬರುವವರೆಗೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತವೆ. ಅಷ್ಟು ದೊಡ್ಡ ಮನುಷ್ಯನ ಇಷ್ಟು ಸಣ್ಣ ದೌರ್ಬಲ್ಯಗಳನ್ನು ಬಯಲಿಗಿಟ್ಟದ್ದು ಉಚಿತವಲ್ಲವೆಂದು ಆ ಕಾಲದ ಕೆಲವು ಓದುಗರು ನೊಂದುಕೊಂಡರು. ನನಗಾದರೋ ಆ ಪುನರಾವೃತ್ತಿಯೇ ಗ್ರಂಥದ ಸಾರವೆಂದು ತೋರುತ್ತದೆ. ಒಮ್ಮೆ ಮಾಡಿ, ಮುರಿದು, ಮರೆತುಬಿಟ್ಟ ಸಂಕಲ್ಪದಿಂದ ಯಾರಿಗೂ ಏನೂ ತಿಳಿಯದು. ಮುರಿದುದನ್ನು ಮುರಿದೆನೆಂದು ಬರೆದು, ಅದರ ಕೆಳಗೇ ಮತ್ತೊಮ್ಮೆ ಸಂಕಲ್ಪಿಸಿದವನ ಪುಟದಿಂದ ಮನುಷ್ಯಸ್ವಭಾವವೇ ತಿಳಿಯುತ್ತದೆ.

1764ರಲ್ಲಿ, ಸಾಧ್ಯವಾದರೆ ಆರು ಗಂಟೆಗೆ ಏಳುವೆನೆಂದು ಬರೆದವನು 1765ರ ಈಸ್ಟರಿನಲ್ಲಿ ಅದನ್ನು ಎಂಟಕ್ಕೆ ಇಳಿಸಿಕೊಳ್ಳುತ್ತಾನೆ. ಎಂಟು ಗಂಟೆ ಬೇಗನೆ ಏಳುವುದೆನಿಸದಿದ್ದರೂ, ಹಗಲು ಎರಡರವರೆಗೆ ಹಾಸಿಗೆಯಲ್ಲಿ ಬಿದ್ದಿರುವ ತನ್ನ ಈಗಿನ ಅಭ್ಯಾಸಕ್ಕಿಂತ ಎಷ್ಟೋ ಮೇಲು ಎಂಬುದು ಅವನು ಕೊಡುವ ಕಾರಣ. ಆದರ್ಶವನ್ನು ತಗ್ಗಿಸಿಕೊಂಡನೆಂದು ಇದನ್ನು ಹಳಿಯುವುದು ಸರಿಯಲ್ಲ. ತನ್ನ ಶಕ್ತಿ ಇಷ್ಟೇ ಎಂದು ಕಂಡುಕೊಂಡು, ಆ ಶಕ್ತಿಗೆ ನಿಲುಕುವ ಮೆಟ್ಟಿಲೊಂದನ್ನು ಗುರುತಿಸಿಕೊಳ್ಳುವುದಕ್ಕೆ, ದೊಡ್ಡ ಪ್ರತಿಜ್ಞೆ ಮಾಡುವುದಕ್ಕೆ ಬೇಕಾದುದಕ್ಕಿಂತ ಹೆಚ್ಚಿನ ಸತ್ಯನಿಷ್ಠೆ ಬೇಕು. 1775ರ ಶುಭಶುಕ್ರವಾರದ ಬರಹ ಇನ್ನೂ ಗಂಭೀರವಾದುದು. ವರ್ಷವರ್ಷವೂ ಮಾಡಿ ಮುರಿದ ನಿಶ್ಚಯಗಳನ್ನು ಎದುರಿಗಿಟ್ಟುಕೊಂಡು, ಹಾಗಾದರೆ ಮತ್ತೆ ಏಕೆ ಪ್ರಯತ್ನಿಸಬೇಕೆಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ. ತಿದ್ದಿಕೊಳ್ಳುವುದು ಅವಶ್ಯವಾದುದರಿಂದ, ಆಸೆಯನ್ನು ತೊರೆಯುವುದು ಅಪರಾಧವಾದುದರಿಂದ ಎಂಬ ಅರ್ಥದ ಉತ್ತರವನ್ನು ಕೊಟ್ಟುಕೊಳ್ಳುತ್ತಾನೆ. ವಾರ್ಷಿಕ ಆತ್ಮಪರೀಕ್ಷೆಯ ಸಮರ್ಥನೆಗೆ ಇದಕ್ಕಿಂತ ಬಲವಾದ ವಾದ ಹುಟ್ಟಿಲ್ಲವೆಂದೇ ನನ್ನ ನಂಬಿಕೆ, ಏಕೆಂದರೆ ಸೋಲನ್ನು ಸಂಪೂರ್ಣವಾಗಿ ಒಪ್ಪಿಕೊಂಡ ಮೇಲೂ ನಿಲ್ಲಬಲ್ಲ ವಾದ ಇದು.

ಇಷ್ಟು ಹೇಳಿದ ಮೇಲೆ ಈ ಪರೀಕ್ಷೆಯ ದೋಷವನ್ನೂ ಹೇಳಬೇಕು, ಅದು ಸಣ್ಣದಲ್ಲ. 1764ರ ಜನ್ಮದಿನದಂದು, ಐವತ್ತೈದು ವರ್ಷಗಳನ್ನು ಬರಿಯ ಸಂಕಲ್ಪಗಳಲ್ಲೇ ಕಳೆದೆನೆಂದೂ ಏನನ್ನೂ ಸಾಧಿಸಲಿಲ್ಲವೆಂದೂ ಜಾನ್ಸನ್ ಬರೆದುಕೊಳ್ಳುತ್ತಾನೆ. ಹಾಗೆ ಬರೆದವನು 1750ರಿಂದ 1752ರವರೆಗೆ ವಾರಕ್ಕೆರಡರಂತೆ ‘ರ‍್ಯಾಂಬ್ಲರ್’ ಪತ್ರಿಕೆಯ 208 ಸಂಚಿಕೆಗಳನ್ನು, ಕೆಲವೇ ಕೆಲವನ್ನುಳಿದು, ಒಬ್ಬನೇ ಬರೆದವನು. 1755ರಲ್ಲಿ, ಬೆರಳೆಣಿಕೆಯ ನಕಲುಗಾರರ ನೆರವಿನಿಂದ, 40,000ಕ್ಕೂ ಮಿಕ್ಕ ಶಬ್ದಗಳ ಇಂಗ್ಲಿಷ್ ನಿಘಂಟನ್ನು ಮುಗಿಸಿಕೊಟ್ಟವನು. 1777ರ ಈಸ್ಟರಿನ ಬರಹ ಇನ್ನೂ ವಿಸ್ಮಯಕರ. ಹಬ್ಬದ ಹಿಂದಿನ ದಿನವಷ್ಟೆ ಲಂಡನ್ನಿನ ಪುಸ್ತಕ ವ್ಯಾಪಾರಿಗಳು ಬಂದು ಆಂಗ್ಲ ಕವಿಗಳ ಕೃತಿಗಳಿಗೆ ಪೀಠಿಕೆಗಳನ್ನು ಬರೆದುಕೊಡಬೇಕೆಂದು ಕೇಳಿ, ಅವನು ಒಪ್ಪಿದ್ದನು. ಮುಂದೆ ‘ಕವಿಗಳ ಚರಿತ್ರೆಗಳು’ ಎಂದು ಪ್ರಸಿದ್ಧವಾದ ಮಹಾಕೃತಿಯ ಬೀಜ ಬಿದ್ದದ್ದು ಆ ದಿನ. ಮರುದಿನ ಅದೇ ಕೈ ತನ್ನ ಕಳೆದ ಬಾಳನ್ನೆಲ್ಲ ವ್ಯರ್ಥವಾಗಿ ಹೋದ ಕಾಲದ ಒಂದು ಬರಡು ಬಯಲೆಂದು ವರ್ಣಿಸುತ್ತದೆ.

ಇದಕ್ಕೆ ಕಾರಣಗಳಿಲ್ಲದೆ ಇಲ್ಲ. ಮನೋವ್ಯಾಧಿ ಅವನನ್ನು ತಾರುಣ್ಯದಿಂದಲೂ ಕಾಡಿತ್ತು. ಬುದ್ಧಿಭ್ರಮಣೆಯಾದೀತೆಂಬ ಭಯ ಅವನನ್ನು ಬಿಟ್ಟಿರಲಿಲ್ಲ. ಯಜಮಾನನು ಕೊಟ್ಟ ಹಣವನ್ನು ನೆಲದಲ್ಲಿ ಹೂತಿಟ್ಟು ದಂಡನೆಗೊಳಗಾದ ಸೇವಕನ ಬೈಬಲ್ ದೃಷ್ಟಾಂತ ಅವನ ಮನಸ್ಸಿನಲ್ಲಿ ನಾಟಿತ್ತು. ರಾತ್ರಿ ಬರುತ್ತಿದೆ ಎಂಬರ್ಥದ ಗ್ರೀಕ್ ವಾಕ್ಯವನ್ನು ಅವನು ತನ್ನ ಗಡಿಯಾರದ ಮುಖದ ಮೇಲೆಯೇ ಕೆತ್ತಿಸಿದ್ದನು. ಈ ಭೀತಿಯಿಂದ ಹುಟ್ಟಿದ ಕೋಲು ಗಂಟೆಗಳನ್ನಷ್ಟೇ ಅಳೆಯಬಲ್ಲದಾಯಿತು. ಅವನ ಮನೆಯಲ್ಲಿ ಕಣ್ಣು ಕಳೆದುಕೊಂಡ ಅನ್ನಾ ವಿಲಿಯಮ್ಸ್ ಇದ್ದಳು. ಜಮೈಕಾದಲ್ಲಿ ಗುಲಾಮನಾಗಿ ಹುಟ್ಟಿ, ಬಾಲ್ಯದಲ್ಲಿ ಲಂಡನ್ನಿಗೆ ಬಂದು, ಜಾನ್ಸನ್ನನ ಖರ್ಚಿನಿಂದ ಶಾಲೆ ಕಲಿತು, ಕೊನೆಗೆ ಅವನ ಆಸ್ತಿಯ ಮುಖ್ಯ ಭಾಗಕ್ಕೆ ಹಕ್ಕುದಾರನಾದ ಫ್ರಾನ್ಸಿಸ್ ಬಾರ್ಬರ್ ಇದ್ದನು. ಇಂಥ ಆಶ್ರಿತರು ಅವನ ಪ್ರಾರ್ಥನೆಗಳಲ್ಲಿ ಬರುತ್ತಾರೆ, ದುಃಖದಲ್ಲಿ ಬರುತ್ತಾರೆ. ವರ್ಷದ ಬೆಲೆಕಟ್ಟುವ ಹೊತ್ತಿನಲ್ಲಿ ಮಾತ್ರ ಇವರಿಗೆ ದೊರೆತ ಅನ್ನ, ವಿದ್ಯೆ, ಮರ್ಯಾದೆಗಳು ಗಣನೆಗೆ ಬರುವುದು ಅಪರೂಪ.

ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ನನ ಪದ್ಧತಿ ಇದಕ್ಕಿಂತ ಅಚ್ಚುಕಟ್ಟಾದುದು. ಹದಿಮೂರು ಸದ್ಗುಣಗಳನ್ನು ಪಟ್ಟಿಮಾಡಿ, ವಾರಕ್ಕೊಂದರಂತೆ ಸಾಧಿಸುತ್ತ, ವರ್ಷಕ್ಕೆ ನಾಲ್ಕು ಆವೃತ್ತಿಗಳನ್ನು ಮುಗಿಸುವಂತೆ ಅವನು ಏರ್ಪಡಿಸಿಕೊಂಡನು. ತಪ್ಪಿದಾಗಲೆಲ್ಲ ಚಿಕ್ಕ ಪುಸ್ತಕವೊಂದರಲ್ಲಿ ಕಪ್ಪು ಚುಕ್ಕೆ. ಇಂದು ಪ್ರಚಾರದಲ್ಲಿರುವ ಗುರಿಪಟ್ಟಿಗಳೆಲ್ಲ ಬಹುಮಟ್ಟಿಗೆ ಈ ವಂಶದವು. ಅದರಲ್ಲಿ ಜಾನ್ಸನ್ನನ ಯಾತನೆ ಇಲ್ಲ. ಆದರೆ ತನ್ನಿಂದ ಪೆಟ್ಟುತಿಂದವನ ಧ್ವನಿ ಆ ಚುಕ್ಕೆಗಳಲ್ಲಿಯೂ ಕೇಳಿಬರುವುದಿಲ್ಲ.

ಆ ಧ್ವನಿಗೆ ಸ್ಥಾನಕೊಟ್ಟ ಪದ್ಧತಿ ನಮ್ಮ ನಾಡಿನಲ್ಲೇ ಬಹುಕಾಲದಿಂದ ಉಂಟು. ಜೈನರ ಷಡಾವಶ್ಯಕಗಳೆಂಬ ಆರು ಕರ್ತವ್ಯಗಳಲ್ಲಿ ಪ್ರತಿಕ್ರಮಣವೆಂಬುದು ಆದ ದೋಷಗಳ ಹಿನ್ನೋಟ. ಪ್ರತ್ಯಾಖ್ಯಾನವೆಂಬುದು ಮುಂದೆ ಆಗದಂತೆ ತೊಡುವ ವ್ರತ. ಪ್ರತಿಕ್ರಮಣವಾದರೂ ವರ್ಷಾಂತ್ಯದವರೆಗೆ ಕಾಯುವಂಥದಲ್ಲ: ಹಗಲಿನದು, ರಾತ್ರಿಯದು, ಪಕ್ಷದ್ದು, ಚಾತುರ್ಮಾಸದ್ದು, ಕೊನೆಗೆ ಸಂವತ್ಸರದ್ದು ಎಂದು ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಆದಕಾರಣ ವಾರ್ಷಿಕ ಪರೀಕ್ಷೆಗೆ ಕುಳಿತವನ ಎದುರಿಗೆ ಹನ್ನೆರಡು ತಿಂಗಳ ಮರೆವು ರಾಶಿಬಿದ್ದಿರುವುದಿಲ್ಲ. ಶ್ರವಣಬೆಳಗೊಳ, ಮೂಡಬಿದಿರೆಗಳ ದಿಗಂಬರ ಸಂಪ್ರದಾಯದಲ್ಲಿ ಭಾದ್ರಪದ ಶುಕ್ಲ ಪಂಚಮಿಯಿಂದ ಚತುರ್ದಶಿಯವರೆಗೆ ದಶಲಕ್ಷಣ ಪರ್ವ ನಡೆದು, ಅದರ ಬೆನ್ನಿಗೇ ಕ್ಷಮಾವಣಿ ಬರುತ್ತದೆ. ಅಂದು ಹಿರಿಯ ಕಿರಿಯರೆನ್ನದೆ ಒಬ್ಬರಲ್ಲೊಬ್ಬರು ಕ್ಷಮೆ ಬೇಡುತ್ತಾರೆ. ಯಾರ ನೋವನ್ನೂ ನೆನೆಯದೆ ಎಲ್ಲರಿಗೂ ಒಂದೇ ಮಾತನ್ನು ಆಡಿ ಮುಗಿಸಿದರೆ ಇದೂ ಬರಿಯ ಆಚಾರವಾದೀತು. ಆ ಅಪಾಯವನ್ನು ಒಪ್ಪಿಯೂ, ಇದರ ರಚನೆ ಜಾನ್ಸನ್ನನ ಏಕಾಂತಕ್ಕಿಂತ ಮೇಲಾದುದೆಂದೇ ಹೇಳುತ್ತೇನೆ. ತನ್ನ ವರ್ಷದ ಬೆಲೆಯನ್ನು ತಿಳಿಯಬೇಕಾದವನು ಆ ವರ್ಷದಲ್ಲಿ ತನ್ನೊಡನೆ ಬಾಳಿದವರ ಮುಂದೆ ಹೋಗಿ ನಿಲ್ಲಬೇಕೆಂಬ ವಿಧಿ ಇದರಲ್ಲಿದೆ. ಅಲ್ಲಿ ನಿಂತವನಿಗೆ ತಾನು ಕಾಣದ ತಪ್ಪೂ ಕಾಣುತ್ತದೆ, ತಾನು ಎಣಿಸದೆ ಬಿಟ್ಟ ಒಳಿತೂ ಕೇಳಿಬರುತ್ತದೆ.

ಸರಿಯಾದ ಅಳತೆಗೋಲು ಜಾನ್ಸನ್ನನಿಗೆ ತಿಳಿಯದೆ ಇರಲಿಲ್ಲ ಎಂಬುದೇ ನನ್ನ ಮನಸ್ಸನ್ನು ಹೆಚ್ಚಾಗಿ ಕಲಕುತ್ತದೆ. ಅವನ ಮನೆಯಲ್ಲಿ ಬಹುಕಾಲ ಇದ್ದು, ಲಂಡನ್ನಿನ ಬಡವರಿಗೆ ಅಲ್ಪ ಹಣಕ್ಕೆ ಔಷಧ ಕೊಡುತ್ತಿದ್ದ, ಪದವಿಯಿಲ್ಲದ ವೈದ್ಯ ರಾಬರ್ಟ್ ಲೆವೆಟ್ 1782ರ ಜನವರಿಯಲ್ಲಿ ತೀರಿಕೊಂಡಾಗ ಜಾನ್ಸನ್ ಬರೆದ ಶೋಕಗೀತವುಂಟು. ತನ್ನನ್ನು ಬೆದರಿಸುತ್ತಿದ್ದ ಅದೇ ಸೇವಕನ ದೃಷ್ಟಾಂತವನ್ನು ಅವನು ಅಲ್ಲಿ ಲೆವೆಟ್ಟನ ಪರವಾಗಿ ಎತ್ತಿಹಿಡಿಯುತ್ತಾನೆ. ದೊರೆತ ಒಂದೇ ನಾಣ್ಯವನ್ನು ದಿನದಿನವೂ ಪರರಿಗಾಗಿ ಸವೆಸಿದವನ ಬಾಳು ಪೂರ್ಣವಾದುದೆಂದು ಧೈರ್ಯವಾಗಿ ತೀರ್ಪು ಕೊಡುತ್ತಾನೆ. ಲೆವೆಟ್ ಎಷ್ಟು ಗಂಟೆಗೆ ಏಳುತ್ತಿದ್ದನೆಂಬುದನ್ನು ಅವನು ಅಲ್ಲಿ ಕೇಳುವುದೇ ಇಲ್ಲ. ಆದುದರಿಂದ ‘ಪ್ರಾರ್ಥನೆಗಳು ಮತ್ತು ಧ್ಯಾನಗಳು’ ಗ್ರಂಥವನ್ನು ವರ್ಷಾಂತ್ಯದಲ್ಲಿ ಕೈಗೆತ್ತಿಕೊಳ್ಳುವ ಓದುಗನು 1764ರ ಮತ್ತು 1777ರ ಪುಟಗಳನ್ನು ಮುಗಿಸಿದೊಡನೆ, ತನ್ನ ಸಂಕಲ್ಪಗಳನ್ನು ಬರೆಯತೊಡಗುವುದಕ್ಕೆ ಮೊದಲು, ಈ ಶೋಕಗೀತವನ್ನು ಓದಿಕೊಳ್ಳಬೇಕು.