ಹನ್ನೆರಡು ತಿಂಗಳ ನದಿ

ನನ್ನ ಫೋನಲ್ಲಿ ಒಂದು ಫೋಟೋ ಇದೆ. ಮೊಣಕಾಲುದ್ದ ನೀರಲ್ಲಿ ನಿಂತಿದ್ದೀನಿ, ಎರಡೂ ಕೈ ತುಂಬ ಬೆಳ್ಳಿ ಬಣ್ಣದ ಮೀನು, ಮುಖದ ತುಂಬ ನಗು. ಆಫೀಸಿನ ಕೆಲಸದ ಮೇಲೆ ಸಿಯಾಟಲ್‌ನಲ್ಲಿದ್ದಾಗ ಒಂದು ಜನವರಿಯಲ್ಲಿ ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ಯಾಯದ್ವೀಪಕ್ಕೆ ಹೋಗಿ ತೆಗೆಸಿಕೊಂಡದ್ದು. ಮೀನಿನ ಹೆಸರು ಸ್ಟೀಲ್‌ಹೆಡ್. ನದಿಯಲ್ಲಿ ಹುಟ್ಟಿ, ಪೆಸಿಫಿಕ್ ಸಾಗರದಲ್ಲಿ ಬೆಳೆದು, ಮೊಟ್ಟೆಯಿಡೋಕೆ ಮತ್ತೆ ನದಿಗೇ ಬರೋ ರೇನ್‌ಬೋ ಟ್ರೌಟ್ ಅದು. ಹ್ಯಾಚರಿಯಲ್ಲಿ ಬೆಳೆಸಿದ ಮೀನಿಗೆ ಬಾಲದ ಹತ್ತಿರದ ಪುಟ್ಟ ರೆಕ್ಕೆ ಕತ್ತರಿಸಿ ಗುರುತು ಮಾಡಿರ್ತಾರೆ. ನಾನು ಹಿಡಿದದ್ದಕ್ಕೆ ರೆಕ್ಕೆ ಹಾಗೇ ಇತ್ತು. ಅಂದ್ರೆ ನದಿಯಲ್ಲೇ ಹುಟ್ಟಿದ್ದು, ಬಿಡಲೇಬೇಕಾದದ್ದು. ಗೈಡ್ ‘ನೀರಿಂದ ಮೇಲೆತ್ತಬೇಡ’ ಅಂದ. ‘ಒಂದೇ ಫೋಟೋ’ ಅಂದೆ. ಮೂರು ತೆಗೆಸಿಕೊಂಡೆ. ಹೀಗೆ ಬಿಡಬೇಕಾದ ಮೀನನ್ನು ಪೂರ್ತಿ ನೀರಿನಾಚೆ ಎತ್ತೋದೇ ಆ ರಾಜ್ಯದಲ್ಲಿ ಕಾನೂನುಬಾಹಿರ ಅಂತ ಆಮೇಲೆ ಗೊತ್ತಾಯ್ತು. ಆವತ್ತು ಮಾತ್ರ ‘ಬಿಟ್ಟೆನಲ್ಲ, ಇನ್ನೇನು’ ಅಂತ ಎದೆಯುಬ್ಬಿಸಿಕೊಂಡೇ ವಾಪಸು ಬಂದೆ.

ಈಗ ಆ ಫೋಟೋ ನೋಡಿದರೆ ಮುಜುಗರ ಆಗುತ್ತೆ. ಕಾನೂನಿಗಿಂತ ಹೆಚ್ಚಾಗಿ ಒಂದು ಪುಸ್ತಕ ಅದಕ್ಕೆ ಕಾರಣ. ರೊಡೆರಿಕ್ ಹೇಗ್-ಬ್ರೌನ್ ಬರೆದ ‘ಎ ರಿವರ್ ನೆವರ್ ಸ್ಲೀಪ್ಸ್’. ಬಂದದ್ದು 1946ರಲ್ಲಿ.

ಹೇಗ್-ಬ್ರೌನ್ 1908ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದವನು. ಹದಿಹರೆಯದಲ್ಲೇ ಪೆಸಿಫಿಕ್ ಕರಾವಳಿಗೆ ಬಂದು ಮರ ಕಡಿಯೋ ಕ್ಯಾಂಪುಗಳಲ್ಲಿ ದುಡಿದ. ಕೊನೆಗೆ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ, ಕ್ಯಾಂಪ್‌ಬೆಲ್ ನದಿಯ ದಂಡೆಯ ಮೇಲೆ ಮನೆ ಮಾಡಿ ನಿಂತ. ಕಾನೂನು ಪದವಿ ಇಲ್ಲದೆಯೂ ಅದೇ ಊರಿನ ಮ್ಯಾಜಿಸ್ಟ್ರೇಟ್ ಆಗಿದ್ದ. 1976ರಲ್ಲಿ ತೀರಿಕೊಂಡ.

ಪುಸ್ತಕದ ಕಟ್ಟು ಬಹಳ ಸರಳ. ಜನವರಿಯಿಂದ ಡಿಸೆಂಬರ್‌ವರೆಗೆ ತಿಂಗಳಿಗೊಂದು ಭಾಗ. ಶುರುವಾಗೋದೇ ಜನವರಿಯ ಸ್ಟೀಲ್‌ಹೆಡ್‌ನಿಂದ. ಕೊರೆಯೋ ನೀರಿನಲ್ಲಿ ನಿಂತವನಿಗೆ ಮೀನು ಸಿಗಬಹುದು, ಸಿಗದೇ ಇರಬಹುದು. ಸಿಗದ ದಿನವೂ ಇಲ್ಲಿ ಬರೆಯೋಕೆ ಯೋಗ್ಯವಾದ ದಿನವೇ. ಈ ಪುಸ್ತಕದ ದೊಡ್ಡ ಗುಣ ಅಂತ ನನಗನ್ನಿಸಿದ್ದು ಇದು. ಯಾವ ತಿಂಗಳು ಯಾವ ಮೀನು ಸಮುದ್ರದಿಂದ ಹತ್ತಿ ಬರುತ್ತೆ, ನೀರು ಎಷ್ಟು ಏರಿದೆ, ಯಾವ ಬಂಡೆಯ ಹಿಂದೆ ಹರಿವು ನಿಧಾನವಾಗುತ್ತೆ ಅನ್ನೋದೆಲ್ಲ ಒಂದೇ ಜಾಗವನ್ನು ಮತ್ತೆ ಮತ್ತೆ ನೋಡಿದವನಿಗಷ್ಟೇ ದಕ್ಕೋ ವಿಷಯ. ನಾನು ಒಂದು ಶನಿವಾರ ಹೋಗಿ ಭಾನುವಾರ ವಾಪಸು ಬಂದವನು. ಆ ನದಿಯ ಉಳಿದ ಹನ್ನೊಂದು ತಿಂಗಳು ನನಗೆ ಇಲ್ಲವೇ ಇಲ್ಲ.

ಹಾಗಂತ ಹೊಗಳಿ ಮುಗಿಸೋಕಾಗಲ್ಲ. ರಾಡು, ದಾರ, ಗರಿ ಕಟ್ಟಿ ಮಾಡಿದ ಫ್ಲೈಗಳ ವಿವರ ಬಂದಾಗ ಗಾಳ ಹಾಕದವರಿಗೆ ಆಕಳಿಕೆ ಗ್ಯಾರಂಟಿ. ಇಂಗ್ಲೆಂಡಿನ ಬಾಲ್ಯದ ನದಿಗಳಿಗೆ ಹೊರಳಿದಾಗ ಪುಟಗಳು ಒಂದಿಷ್ಟು ಸೊರಗುತ್ತವೆ. ಇನ್ನೊಂದು ಕೊರತೆ ಇದಕ್ಕಿಂತ ದೊಡ್ಡದು. ತೇಜಸ್ವಿಯವರನ್ನು ಓದಿ ಬೆಳೆದ ನಮಗೆ ಮೀನು ಶಿಕಾರಿ ಅಂದ್ರೆ ಸುತ್ತ ಜನ, ಜಗಳ, ತಮಾಷೆ ಎಲ್ಲ ಇರಬೇಕು. ಇಲ್ಲಿ ಹೆಚ್ಚಾಗಿ ಒಬ್ಬ ಮನುಷ್ಯ, ಒಂದು ನದಿ. ಓದೋಕೆ ಚೆಂದವೇ. ಆದರೆ ಆ ದಂಡೆ ಯಾವತ್ತೂ ಖಾಲಿ ಇರಲಿಲ್ಲ.

ಕ್ಯಾಂಪ್‌ಬೆಲ್ ನದಿ ವೀ ವೈ ಕುಮ್ ಮೂಲನಿವಾಸಿಗಳ ನೆಲದಲ್ಲಿದೆ. ಸಾಲ್ಮನ್ ಅವರಿಗೆ ಊಟವೂ ಹೌದು, ವ್ಯಾಪಾರವೂ ಹೌದು, ಆಚರಣೆಯೂ ಹೌದು. 1888ರ ಹೊತ್ತಿಗೆ ಕೆನಡಾ ಸರ್ಕಾರ ನಿಯಮ ಮಾಡಿ, ಮೂಲನಿವಾಸಿಗಳು ಹೊಟ್ಟೆಪಾಡಿಗೆ ಮೀನು ಹಿಡಿಯಬಹುದು, ಮಾರುವಂತಿಲ್ಲ ಅಂದುಬಿಟ್ಟಿತು. 1924ರಲ್ಲಿ ಇದೇ ಊರಿನಲ್ಲಿ ಟೈಯೀ ಕ್ಲಬ್ ಹುಟ್ಟಿತು. ಅದರ ಸದಸ್ಯರಾಗಬೇಕಾದರೆ ಹುಟ್ಟು ಹಾಕೋ ದೋಣಿಯಲ್ಲಿ ಕೂತು, ತೆಳು ದಾರದಲ್ಲಿ, 30 ಪೌಂಡಿಗೆ, ಅಂದ್ರೆ ಸುಮಾರು 13.6 ಕಿಲೋಗೆ, ಕಮ್ಮಿಯಿಲ್ಲದ ಚಿನೂಕ್ ಸಾಲ್ಮನ್ ಹಿಡಿಯಬೇಕು. ಮೀನಿಗೂ ತಪ್ಪಿಸಿಕೊಳ್ಳೋ ಅವಕಾಶ ಇರಲಿ ಅನ್ನೋದು ಅಲ್ಲಿನ ನ್ಯಾಯ. ಒಳ್ಳೆ ನ್ಯಾಯವೇ. ಆದರೆ ಬೇಕಂತಲೇ ಕಷ್ಟಪಟ್ಟು ಮೀನು ಹಿಡಿಯೋದು ಸದ್ಗುಣ ಅನ್ನಿಸೋದು ರಾತ್ರಿಯ ಊಟ ಆ ಮೀನಿನ ಮೇಲೆ ನಿಂತಿಲ್ಲದವರಿಗೆ ಮಾತ್ರ. ಬಲೆ ಹಾಕಿದವರು ಕಾನೂನು ಮುರಿದವರಾದರು, ಗಾಳ ಹಿಡಿದವರು ಸಭ್ಯರಾದರು. ಮೂಲನಿವಾಸಿಗಳಿಗೆ ಮೀನು ಹಿಡಿಯೋ ಹಕ್ಕಿದೆ ಅಂತ ಕೆನಡಾದ ಸುಪ್ರೀಂ ಕೋರ್ಟ್ ಸ್ಪ್ಯಾರೋ ಪ್ರಕರಣದಲ್ಲಿ ಹೇಳುವಾಗ 1990 ಆಗಿತ್ತು. ಈ ಕತೆ ಹೇಗ್-ಬ್ರೌನ್ ಪುಸ್ತಕದ ನಡುಮನೆಗೆ ಬರೋದೇ ಇಲ್ಲ.

ಹಾಗಿದ್ರೂ ಈತನನ್ನು ತಳ್ಳಿಹಾಕೋಕೆ ಮನಸ್ಸು ಬರಲ್ಲ. ಪುಸ್ತಕ ಬಂದ ಮರುವರ್ಷ, 1947ರಲ್ಲಿ, ಅದೇ ಕ್ಯಾಂಪ್‌ಬೆಲ್ ನದಿಯಲ್ಲಿ ಜಾನ್ ಹಾರ್ಟ್ ಅಣೆಕಟ್ಟಿನಿಂದ ವಿದ್ಯುತ್ ಶುರುವಾಯ್ತು. 1950ರ ದಶಕದಲ್ಲಿ ಸ್ಟ್ರಾತ್‌ಕೋನಾ ಪಾರ್ಕಿನ ಬಟಲ್ ಸರೋವರದ ನೀರನ್ನು ಏರಿಸೋ ಯೋಜನೆ ಬಂದಾಗ ಆತ ಎದ್ದು ನಿಂತು ಹೋರಾಡಿದ. ನೀರು ಕೊನೆಗೂ ಏರಿತು. ಜಗಳಕ್ಕೆ ನಿಲ್ಲೋಕೆ ಅವನಿಗೆ ಆ ನೀರಿನ ಪರಿಚಯ ಇತ್ತು. ಪರಿಚಯವೇ ಇಲ್ಲದ ನದಿಗೆ ಯಾರು ಜಗಳಾಡ್ತಾರೆ? ನನ್ನ ಫೋಟೋದಲ್ಲಿರೋ ನದಿಗೆ ನಾಳೆ ಏನಾದ್ರೂ ಆದರೆ ನನಗೆ ಸುದ್ದಿ ಕೂಡ ತಲುಪಲ್ಲ. ‘ಪ್ರಕೃತಿ ಇಷ್ಟ’ ಅಂತ ಪ್ರೊಫೈಲಿನಲ್ಲಿ ಬರ್ಕೊಳ್ಳೋ ನಮ್ಮಂಥವರಿಗೆ ಈ ಪುಸ್ತಕ ಚುಚ್ಚೋದು ಇಲ್ಲೇ.

ಓದೋದಾದರೆ ಜನವರಿಯಲ್ಲಿ ಶುರು ಮಾಡಿ, ತಿಂಗಳಿಗೊಂದು ಭಾಗದಂತೆ ಓದಿ. ನಾನು ಅದನ್ನೂ ಒಂದೇ ವೀಕೆಂಡಲ್ಲಿ ಮುಗಿಸಿಬಿಟ್ಟೆ.