‘ಏಕೈಕ’ ಅನ್ನೋ ಪದದ ಕಾಟ

ರಾಯಚೂರು ಕಡೆಯವರು ಬೆಂಗಳೂರಲ್ಲಿ ಸಿಕ್ಕಾಗ, ಮಕ್ಕಳನ್ನ ಕರ್ಕೊಂಡು ರಜೆಗೆ ಎಲ್ಲಿ ಹೋಗ್ತೀರಿ ಅಂತ ಕೇಳಿ ನೋಡಿ. ಗೋಕರ್ಣ, ಮುರ್ಡೇಶ್ವರ, ಮಲ್ಪೆ. ಸಿಂಧನೂರು, ಲಿಂಗಸುಗೂರಿನ ಶಾಲೆಗಳ ಪ್ರವಾಸದ ಬಸ್ಸುಗಳೂ ಅದೇ ದಾರಿ ಹಿಡಿಯುತ್ತವೆ. ಇದರ ಬಗ್ಗೆ ನನ್ನ ತಕರಾರಿಲ್ಲ. ಕಾಲುವೆ ಬಿಟ್ಟು ಬೇರೆ ದೊಡ್ಡ ನೀರು ನೋಡದ ಹುಡುಗರಿಗೆ ಸಮುದ್ರ ತೋರಿಸಲೇಬೇಕು. ನನ್ನ ತಕರಾರು ಬೇರೆ. ಅದೇ ಅಪ್ಪ-ಅಮ್ಮ, ಅದೇ ಮೇಷ್ಟ್ರು, ಕಡಲ ದಂಡೆಯನ್ನ ಮಕ್ಕಳಿಗೆ ಒಂದು ರೀತಿ ತೋರಿಸ್ತಾರೆ, ಮಸ್ಕಿಯ ಅಶೋಕನ ಶಾಸನವನ್ನ ಇನ್ನೊಂದು ರೀತಿ. ಎರಡನೇ ರೀತಿ ತೀರಾ ಕಳಪೆ.

ಕಡಲಲ್ಲಿ ಸಮುದ್ರವೇ ಮೇಷ್ಟ್ರು. ಇಳಿತದ ಹೊತ್ತಿಗೆ ಬಂಡೆಗಳ ನಡುವೆ ನಿಂತ ನೀರಿನ ಹತ್ತಿರ ಮಕ್ಕಳನ್ನ ಬಿಟ್ಟರೆ ಸಾಕು. ಖಾಲಿ ಶಂಖದೊಳಗೆ ಮನೆ ಮಾಡಿಕೊಂಡ ಏಡಿ ಹೆಜ್ಜೆ ಹಾಕಿತು ಅಂದ್ರೆ ಮಗು ತಾನಾಗೇ ಕುಕ್ಕರುಗಾಲಲ್ಲಿ ಕೂರುತ್ತೆ. ಇಳಿತದ ಸಮಯ ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ಹುಣ್ಣಿಮೆ-ಅಮಾವಾಸ್ಯೆ ಆಸುಪಾಸು ನೀರು ಇನ್ನೂ ದೂರ ಹಿಂದೆ ಸರಿಯುತ್ತೆ. ಹಾಗಾಗಿ ಹೊತ್ತು ನೋಡಿಕೊಂಡು ಹೋಗಬೇಕು, ಕಾಯಬೇಕು, ನೀರು ವಾಪಸ್ ಬರೋದ್ರೊಳಗೆ ಎದ್ದು ಬರಬೇಕು. ಆ ಏಡಿ ಭಾರತದಲ್ಲೇ ದೊಡ್ಡದು ಅಂತಾಗಲಿ, ಇಂಥದ್ದು ಬೇರೆಲ್ಲೂ ಇಲ್ಲ ಅಂತಾಗಲಿ ಯಾರೂ ಹೇಳಲ್ಲ. ಹೇಳದಿದ್ರೂ ಅರ್ಧ ಗಂಟೆ ಹೋಗಿದ್ದು ಗೊತ್ತಾಗಲ್ಲ.

ಈಗ ಮಸ್ಕಿಗೆ ಬನ್ನಿ. ದುರ್ಗದಗುಡ್ಡದ ಬಂಡೆಗಳ ಹತ್ತಿರ ಹೋದ ಕುಟುಂಬ ಏನು ಮಾಡುತ್ತೆ? ಪುರಾತತ್ವ ಇಲಾಖೆಯ ನೀಲಿ ಬೋರ್ಡಿನ ಮುಂದೆ ಒಂದು ಫೋಟೊ. ಆಮೇಲೆ ಶಾಸನದ ಮುಂದೆ ನಿಂತು ಒಂದೇ ಒಂದು ವಾಕ್ಯ: “ಅಶೋಕನ ಹೆಸರು ಇರೋ ಏಕೈಕ ಶಾಸನ ಇದು, ನೆನಪಿಟ್ಕೋ, ಪರೀಕ್ಷೆಗೆ ಬರುತ್ತೆ.” ಮಗು ತಲೆ ಆಡಿಸುತ್ತೆ. ಇನ್ನೊಂದು ಫೋಟೊ. ಹತ್ತು ನಿಮಿಷಕ್ಕೆ ಎಲ್ಲರೂ ಕಾರಲ್ಲಿ. ನನ್ನ ಅಣ್ಣನ ಮಗನ ಶಾಲೆಯವರು ಇದನ್ನ ಇನ್ನೂ ಚುಟುಕಾಗಿ ಮುಗಿಸಿದರು. ಬಸ್ಸು ರಸ್ತೆಯಲ್ಲೇ ನಿಂತಿತು, ಮೇಷ್ಟ್ರು ಗುಡ್ಡದ ಕಡೆ ಕೈ ತೋರಿಸಿದರು, ಬಸ್ಸು ಹೊರಟಿತು.

ಮೊದಲನೇದಾಗಿ, ಆ ವಾಕ್ಯ ಸುಳ್ಳು. ಮಧ್ಯಪ್ರದೇಶದ ದತಿಯಾ ಜಿಲ್ಲೆಯ ಗುಜರ್ರಾ ಶಾಸನದಲ್ಲಿ ಅಶೋಕನ ಹೆಸರಿದೆ. ನಮ್ಮದೇ ಸಿರುಗುಪ್ಪ ತಾಲೂಕಿನ ನಿಟ್ಟೂರಲ್ಲಿದೆ, ಉಡೇಗೋಳದಲ್ಲೂ ಇದೆ. ಈ ಎರಡು 1970ರ ದಶಕದ ಕೊನೆಗೆ ಬೆಳಕಿಗೆ ಬಂದವು. ಅಂದ್ರೆ ಹತ್ತಿರ ಹತ್ತಿರ ಐವತ್ತು ವರ್ಷದಿಂದ ‘ಏಕೈಕ’ ಅನ್ನೋ ಪದ ಹಳತಾಗಿ ಕೂತಿದೆ, ನಾವು ಅಪ್‌ಡೇಟ್ ಮಾಡಿಲ್ಲ. ಮಜಾ ಏನಂದ್ರೆ, ತಿದ್ದಿದ ಸಂಗತಿ ಸುಳ್ಳಿಗಿಂತ ಚಂದ ಇದೆ. ಅಶೋಕನ ಹೆಸರಿರೋ ಆ ನಾಲ್ಕರಲ್ಲಿ ಮೂರು ತುಂಗಭದ್ರೆಯ ಈ ದಂಡೆ-ಆ ದಂಡೆಯ ಸೀಮೆಯಲ್ಲೇ ಇವೆ. ಮಸ್ಕಿಯಿಂದ ಸಿಂಧನೂರು ದಾಟಿ, ದಢೇಸೂಗೂರಲ್ಲಿ ಹೊಳೆ ದಾಟಿದರೆ ಸಿರುಗುಪ್ಪ ತಾಲೂಕು. ಎಲ್ಲಾ ಒಂದೇ ಹೈವೇ. ಕಲಬುರಗಿ ಜಿಲ್ಲೆಯ ಕನಗನಹಳ್ಳಿ ಸ್ತೂಪದಲ್ಲಂತೂ ‘ರಾಯ ಅಸೋಕ’ ಅಂತ ಕೆತ್ತಿದ ಶಿಲ್ಪವೇ ಸಿಕ್ಕಿದೆ. ಬೇರೆ ಕಡೆ ಬರೀ ‘ದೇವಾನಾಂಪ್ರಿಯ’ ಅಂತ ಕರೆಸಿಕೊಂಡ ರಾಜ, ನಮ್ಮ ಕಡೆ ಯಾಕೆ ಮತ್ತೆ ಮತ್ತೆ ಹೆಸರು ಹಿಡಿದು ಬರೆಸಿಕೊಂಡ? ಇದು ಮಗು ಕೇಳಬೇಕಾದ ಪ್ರಶ್ನೆ. ‘ಏಕೈಕ’ ಅಂದ ಕೂಡಲೇ ಆ ಪ್ರಶ್ನೆ ಹುಟ್ಟೋದೇ ಇಲ್ಲ.

ಮಸ್ಕಿಯ ನಿಜವಾದ ಹೆಚ್ಚುಗಾರಿಕೆ ಬೇರೆ ಇದೆ, ಅದು ಕೋಡ್ ಬರೆಯೋರಿಗೆ ತಕ್ಷಣ ಅರ್ಥ ಆಗುತ್ತೆ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಓದಿದಾಗ ಎಲ್ಲಾ ಕಡೆ ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅಂತ ಬರ್ತಿತ್ತು. ಯಾರೀ ಮಹರಾಯ? ಸಿಂಹಳದ ರಾಜ ಇರಬೇಕು ಅಂತ ಪ್ರಿನ್ಸೆಪ್ ಮೊದಲು ಅಂದುಕೊಂಡರು. ಸಿಂಹಳದ ಪಾಳಿ ಗ್ರಂಥಗಳನ್ನ ಓದಿದ್ದ ಜಾರ್ಜ್ ಟರ್ನರ್, ಅಲ್ಲ, ಇವನು ಮೌರ್ಯ ಅಶೋಕ ಅಂದರು. ವಾದ ಸರಿ ಇತ್ತು, ಕಲ್ಲಿನ ಮೇಲಿನ ಸಾಕ್ಷಿ ಇರಲಿಲ್ಲ. ಅದು ಸಿಕ್ಕಿದ್ದು 78 ವರ್ಷ ಆದಮೇಲೆ, 1915ರಲ್ಲಿ. ಆಗ ಇದು ನಿಜಾಮರ ಸೀಮೆ. ಚಿನ್ನದ ನಿಕ್ಷೇಪ ಹುಡುಕ್ತಾ ತಿರುಗುತ್ತಿದ್ದ ಸಿ. ಬೀಡನ್ ಅನ್ನೋ ಗಣಿ ಎಂಜಿನಿಯರ್ ಕಣ್ಣಿಗೆ ಈ ಬಂಡೆ ಬಿತ್ತು. ಎಚ್. ಕೃಷ್ಣಶಾಸ್ತ್ರಿಗಳು ಓದಿ ಅದೇ ವರ್ಷ ಪ್ರಕಟಿಸಿದರು. ‘ದೇವಾನಂಪಿಯಸ ಅಸೋಕಸ’. ಮುಕ್ಕಾಲು ಶತಮಾನ ಓಪನ್ ಇದ್ದ ಟಿಕೆಟ್ ಅಲ್ಲಿ ಕ್ಲೋಸ್ ಆಯ್ತು. ಇದು ಪತ್ತೇದಾರಿ ಕಥೆ. ಹತ್ತು ವರ್ಷದ ಮಗುವಿಗೆ ಹೇಳಿದರೆ ಫೋನ್ ಕೆಳಗಿಡುತ್ತೆ, ನಾನು ನೋಡಿದ್ದೀನಿ.

ಆದರೂ ನಾವು ‘ಏಕೈಕ’ಕ್ಕೇ ಯಾಕೆ ಜೋತು ಬೀಳ್ತೀವಿ? ನನಗೆ ಅನ್ಸೋದು ಹೇಳ್ತೀನಿ. ನಮ್ಮ ಸೀಮೆಯ ಹುಡುಗರು ಹುಟ್ಟಿದಾಗಿಂದ ಕೇಳೋ ಪದ ‘ಹಿಂದುಳಿದ’. ಹಿಂದುಳಿದ ಜಿಲ್ಲೆ, ಹಿಂದುಳಿದ ತಾಲೂಕು, 371(ಜೆ). ಸವಲತ್ತು ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಪದ ಕೇಳಿ ಕೇಳಿ ಒಳಗೆ ಒಂದು ಗಾಯ ಆಗಿರುತ್ತೆ. ಅದಕ್ಕೆ ಮುಲಾಮು ಅಂತ ನಾವು ‘ಏಕೈಕ’, ‘ಮೊಟ್ಟಮೊದಲ’, ‘ದೇಶದಲ್ಲೇ’ ಅನ್ನೋ ಪದಗಳನ್ನ ಹಚ್ಚಿಕೊಳ್ತೀವಿ. ಊರಿನ ಬಗ್ಗೆ ಮಾಡೋ ರೀಲ್ಸ್‌ಗಳನ್ನ ನೋಡಿ. ಡ್ರೋನ್ ಶಾಟ್, ಹಿಂದೆ ಭರ್ಜರಿ ಮ್ಯೂಸಿಕ್, ನಾಲ್ಕು ದಾಖಲೆಗಳು. ಕಲ್ಲಿನಲ್ಲಿ ಏನು ಬರೆದಿದೆ ಅನ್ನೋದು ಒಂದರಲ್ಲೂ ಇಲ್ಲ. ದಾಖಲೆಯ ಕಷ್ಟ ಏನಂದ್ರೆ, ಇನ್ನೊಂದು ಊರಲ್ಲಿ ಇನ್ನೊಂದು ಕಲ್ಲು ಸಿಕ್ಕ ದಿನ ಅದು ಬಿದ್ದುಹೋಗುತ್ತೆ. ನಿಟ್ಟೂರಲ್ಲಿ ಸಿಕ್ಕಿದ್ದು ಮಸ್ಕಿಗೆ ನಷ್ಟ ಅಂತ ಯೋಚಿಸುವಂಥ ಹೆಮ್ಮೆಯನ್ನ ಮಕ್ಕಳ ಕೈಗೆ ಕೊಟ್ಟು ಏನು ಮಾಡೋಣ?

ಕಲ್ಲಿನಲ್ಲಿ ಇರೋದು ಇಷ್ಟು. ಭಾಷೆ ಪ್ರಾಕೃತ, ಎಂಟು ಸಾಲು, ಅಲ್ಲಲ್ಲಿ ಅಕ್ಷರ ಸವೆದಿದೆ. ಅರ್ಥವನ್ನ ನನ್ನ ಮಾತಲ್ಲಿ ಹೇಳೋದಾದ್ರೆ: ನಾನು ಬುದ್ಧನ ಕಡೆಯವನಾಗಿ ಎರಡೂವರೆ ವರ್ಷ ಆಯ್ತು ಅಂತಾನೆ ರಾಜ. ಸಂಘದ ಹತ್ತಿರ ಹೋದೆ, ಆಮೇಲೆ ಜಂಬೂದ್ವೀಪದಲ್ಲಿ ದೇವರೂ ಮನುಷ್ಯರೂ ಬೆರೆತರು ಅಂತಾನೆ. ಧರ್ಮದಲ್ಲಿ ತೊಡಗಿದರೆ ಸಣ್ಣ ಮನುಷ್ಯನಿಗೂ ಇದು ದಕ್ಕುತ್ತೆ, ದೊಡ್ಡವರಿಗೆ ಮಾತ್ರ ಅಂದುಕೋಬೇಡಿ. ಸಣ್ಣವರಿಗೂ ದೊಡ್ಡವರಿಗೂ ಇದನ್ನ ಹೇಳಿ. ಹೀಗೆ ನಡೆದರೆ ಇದು ಬಹುಕಾಲ ಉಳಿಯುತ್ತೆ, ಒಂದೂವರೆಯಷ್ಟು ಬೆಳೆಯುತ್ತೆ.

‘ಸಣ್ಣವರಿಗೂ ದೊಡ್ಡವರಿಗೂ’! ಮಗುವನ್ನ ಹೆಗಲ ಮೇಲೆ ಕೂರಿಸಿಕೊಂಡು ನಿಂತ ಅಪ್ಪನ ಮುಂದೆಯೇ ಈ ಮಾತು ಕೆತ್ತಿದೆ. ಅಲ್ಲಿ ಸಣ್ಣವರು ಅಂದ್ರೆ ವಯಸ್ಸಲ್ಲ, ಅಂತಸ್ತು. ಅದು ಇನ್ನೂ ಮುಖ್ಯ. ಹಿಂದುಳಿದವರು ಅನ್ನಿಸಿಕೊಂಡವರ ಊರಲ್ಲಿ, ಸಣ್ಣವನಿಗೂ ಸಾಧ್ಯ ಅಂತ ಬರೆದ ಕಲ್ಲು ಇಟ್ಟುಕೊಂಡು ನಾವು ಅದರ ರ‍್ಯಾಂಕ್ ಹೇಳ್ತಾ ಕೂತಿದ್ದೀವಿ. ಇದೇ ಪಾಠದ ಇನ್ನೊಂದು ಪ್ರತಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿದೆ. ಅಲ್ಲಿ ರಾಜ ಇನ್ನೂ ಬಾಯಿ ಬಿಡ್ತಾನೆ, ಮೊದಲ ಒಂದು ವರ್ಷ ನಾನು ಹೆಚ್ಚೇನೂ ಪ್ರಯತ್ನ ಮಾಡಲಿಲ್ಲ ಅಂತ. ಅಲ್ಲೇ ಕೊನೆಗೆ ಚಪಡ ಅನ್ನೋ ಲಿಪಿಕಾರ ತನ್ನ ಸಹಿ ಹಾಕ್ತಾನೆ. ‘ಲಿಪಿಕಾರ’ ಅನ್ನೋ ಆ ಪದವನ್ನ ಮಾತ್ರ ವಾಯವ್ಯ ಗಡಿಯ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದಿದ್ದಾನೆ. ಎರಡನೇ ಲಿಪಿ ಬರುತ್ತೆ ಅಂತ ತೋರಿಸಿಕೊಳ್ಳೋ ಚಟ ನಮ್ಮ ಫೀಲ್ಡಿನವರಿಗೆ ಮಾತ್ರ ಅಲ್ಲ ಅನ್ನೋದು ನನಗೆ ಸಮಾಧಾನ ತಂದ ವಿಷಯ.

ಬರೀ ಚರಿತ್ರೆ ಆಯ್ತು, ನಿಸರ್ಗ ಎಲ್ಲಿ, ಅದಕ್ಕೆ ಕರಾವಳಿಗೇ ಹೋಗಬೇಕಲ್ಲ ಅನ್ನೋರಿದ್ದಾರೆ. ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಅಲ್ಲಿನ ಕಂಬದಂಥ ಕಲ್ಲುಗಳನ್ನ ನೋಡಿರ್ತೀರಿ. ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಬೇರೆಯಾಗೋ ಕಾಲದ ಲಾವಾ ಅದು. ಈಗ ಸುತ್ತ ಸಮುದ್ರ ಇದೆ, ಆದರೆ ಆ ಲಾವಾ ಹೊರಬಂದಿದ್ದು ನೀರಿನ ಕೆಳಗಲ್ಲ, ನೆಲದ ಮೇಲೆ. ನಮ್ಮ ಲಿಂಗಸುಗೂರು ಕಡೆಯ ಹಟ್ಟಿ-ಮಸ್ಕಿ ಶಿಲಾಪಟ್ಟಿಯ ಕಥೆ ಇದಕ್ಕೆ ಉಲ್ಟಾ. ಅಲ್ಲಿನ ಕಪ್ಪು-ಹಸಿರು ಕಲ್ಲಿನಲ್ಲಿ ದಿಂಬುಗಳನ್ನ ಒಂದರ ಮೇಲೊಂದು ಒತ್ತಿದಂಥ ಆಕಾರಗಳಿವೆ. ಬಿಸಿ ಲಾವಾ ನೀರಿನೊಳಗೆ ಉಕ್ಕಿ, ತಕ್ಷಣ ತಣ್ಣಗಾದರೆ ಮಾತ್ರ ಹಾಗೆ ಆಗೋದು. 250 ಕೋಟಿ ವರ್ಷಕ್ಕೂ ಹಿಂದಿನ ಮಾತು. ದ್ವೀಪದ ಕಲ್ಲು ಒಣನೆಲದ್ದು, ಮಳೆ ಕಾಣದ ನಮ್ಮ ಸೀಮೆಯ ಕಲ್ಲು ನೀರಿನ ತಳದ್ದು. ಆ ಪಟ್ಟಿಯಲ್ಲೇ ಚಿನ್ನ ಸೇರಿಕೊಂಡಿರೋದು. ಹಟ್ಟಿಯಲ್ಲಿ ಸುಮಾರು 2000 ವರ್ಷದ ಹಿಂದೆಯೇ ಜನ ಬಂಡೆ ಕೊರೆದು ಬಹಳ ಆಳಕ್ಕೆ ಇಳಿದಿದ್ದರು. ಮೌರ್ಯರ ಶಾಸನಗಳು ಈ ಭಾಗದಲ್ಲಿ ಹೀಗೆ ಗುಂಪಾಗಿ ಇರೋದಕ್ಕೂ ಈ ಚಿನ್ನಕ್ಕೂ ಸಂಬಂಧ ಇರಬೇಕು ಅಂತ ಊಹಿಸಿದ ವಿದ್ವಾಂಸರಿದ್ದಾರೆ. ಬೀಡನ್ ಇಲ್ಲಿಗೆ ಬಂದಿದ್ದಂತೂ ಚಿನ್ನಕ್ಕೇ. ಲಾವಾ, ಚಿನ್ನ, ಅಶೋಕ, ಬೀಡನ್, ಎಲ್ಲಾ ಒಂದೇ ದಾರದಲ್ಲಿ ಪೋಣಿಸಿದ ಹಾಗಿದೆ. ಪಠ್ಯಪುಸ್ತಕ ಇದನ್ನ ನಾಲ್ಕು ವಿಷಯ, ನಾಲ್ಕು ಪುಸ್ತಕ ಮಾಡಿ ಹಂಚಿಬಿಟ್ಟಿದೆ.

ಪೋಣಿಸೋದು ಅಂದಾಗ ನೆನಪಾಯ್ತು. 1954ರಲ್ಲಿ ಬಿ. ಕೆ. ಥಾಪರ್ ಮಸ್ಕಿಯಲ್ಲಿ ಉತ್ಖನನ ಮಾಡಿದಾಗ, ಅಶೋಕನಿಗೂ ಬಹಳ ಹಿಂದಿನ ಪದರದಲ್ಲಿ ಮಣಿಗಳು ಸಿಕ್ಕವು. ಅದರಲ್ಲಿ ಚಿಪ್ಪಿನ ಮಣಿ, ಹವಳದ ಮಣಿ ಇದ್ದವು. ಹವಳ ತುಂಗಭದ್ರೆಯಲ್ಲಿ ಬೆಳೆಯಲ್ಲ. ಯಾರೋ, ಯಾರದ್ದೋ ಕೈಯಿಂದ ಕೈಗೆ, ಕಡಲಿಂದ ಇಲ್ಲಿಯವರೆಗೂ ತಂದಿದ್ದಾರೆ. ಗೋಕರ್ಣದ ಮರಳಲ್ಲಿ ಆರಿಸಿದ ಚಿಪ್ಪನ್ನ ಜೇಬಲ್ಲಿ ಇಟ್ಟುಕೊಂಡು ಬಂದ ಮಗುವಿಗೆ ಇದನ್ನ ಹೇಳಿ. ಅದು ಮಾಡಿದ್ದೇ ಕೆಲಸವನ್ನ ಮಸ್ಕಿಯ ಜನ ಮೂರು ಸಾವಿರ ವರ್ಷದ ಹಿಂದೆ ಮಾಡಿದ್ದರು.

ಇದೇ ಮಾತು ಮುದಗಲ್ಲಿಗೂ ಹೇಳಬಹುದು. ಕೋಟೆ ಹತ್ತಿಸಿ, ಅಕ್ಕಸಾಲಿಗನ ಮಗಳಿಗಾಗಿ ವಿಜಯನಗರಕ್ಕೂ ಬಹಮನಿಗಳಿಗೂ ಯುದ್ಧ ಆಯ್ತು ಅಂತ ಫರಿಷ್ತಾ ಬರೆದ ಕಥೆಯನ್ನ ಸಿನಿಮಾ ಥರ ಹೇಳಿ ಮುಗಿಸ್ತಾರೆ. ಮುದಗಲ್ಲಿನ ಮೊಹರಂಗೆ ಹಿಂದೂಗಳೂ ಹರಕೆ ಹೊತ್ತು ಬರೋದನ್ನ ಮಗು ಕಣ್ಣಾರೆ ನೋಡಬಹುದು, ಅದು ಟ್ರಿಪ್ ಲಿಸ್ಟಲ್ಲಿ ಇರಲ್ಲ. ಹತ್ತಿರದ ಪಿಕ್ಲಿಹಾಳದ ಬಂಡೆಗಳ ಮೇಲೆ ನವಶಿಲಾಯುಗದ ದನಗಾಹಿಗಳು ಬಿಡಿಸಿದ ಗೂಳಿಗಳಿವೆ. ಹೆಸರು ಕೇಳಿದವರೇ ಕಡಿಮೆ. ‘ಏಕೈಕ’ ಅನ್ನೋಕೆ ಆಗಲ್ಲ ನೋಡಿ, ಅದಕ್ಕೇ ಇರಬೇಕು.

ಬಿಸಿಲು, ನೆರಳಿಲ್ಲ, ಮಕ್ಕಳಿಗೆ ಬೋರಾಗುತ್ತೆ ಅನ್ನೋ ಮಾತು ಅರ್ಧ ನಿಜ. ಏಪ್ರಿಲ್ ಮಧ್ಯಾಹ್ನ ಆ ಬಂಡೆಗಳ ಹತ್ತಿರ ಹೋಗೋದು ಶಿಕ್ಷೆ. ಕಡಲಿಗೆ ಇಳಿತ ನೋಡಿ ಹೋಗ್ತೀರಲ್ಲ, ಇಲ್ಲಿಗೆ ಡಿಸೆಂಬರ್-ಜನವರಿಯ ಬೆಳಗ್ಗೆ ಏಳು ಗಂಟೆ ನೋಡಿ ಹೋಗಿ. ಹೋಗೋ ಮುಂಚೆ ಬ್ರಾಹ್ಮಿಯ ಐದಾರು ಅಕ್ಷರ ಒಂದು ಹಾಳೆ ಮೇಲೆ ಬರ್ಕೊಳ್ಳಿ. ಬ್ರಾಹ್ಮಿಯ ‘ಕ’ ಅಂದ್ರೆ ಕೂಡಿಸುವ ಚಿಹ್ನೆ, ಪ್ಲಸ್. ಅದೊಂದು ಗೊತ್ತಿದ್ದರೂ ಸಾಕು, ‘ಅಸೋಕಸ’ದ ಮಧ್ಯದ ಅಕ್ಷರವನ್ನ ಮಗು ಹುಡುಕೋಕೆ ಶುರು ಮಾಡುತ್ತೆ.

ಹೋದ ಸಂಕ್ರಾಂತಿಗೆ ನಮ್ಮಪ್ಪ, ನನ್ನ ಮಗಳು, ಅಣ್ಣನ ಮಗ, ನಾನು ನಾಲ್ಕು ಜನ ಹೋಗಿದ್ವಿ. ಹಾಳೆ ಹಿಡಿದು ಇಬ್ಬರೂ ಕಲ್ಲಿಗೆ ಮುಖ ಕೊಟ್ಟು ಕೂತರು. ಒಂದೂವರೆ ಅಂದ್ರೆ ಏನು ಲೆಕ್ಕ ಅಂತ ಜಗಳ ಹತ್ತಿತು. ಮಗಳು 1.5 ಪಟ್ಟು ಅಂದಳು. ಅಣ್ಣನ ಮಗ ಒಪ್ಪಲಿಲ್ಲ. “ಅದೆಲ್ಲಾ ಇರ್ಲಿ ಕಾಕಾ, ಆಗಿನ ಮಂದಿಗೆ ಓದಾಕ ಎಲ್ಲಿ ಬರ್ತಿತ್ತು? ಕಲ್ಲಿನ ಮ್ಯಾಲೆ ಯಾಕ ಬರೆಸಿದ?” ಅಂದ.

ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿ ಈ ಶಾಸನದ ಉದ್ದದ ಪ್ರತಿ ಇದೆ, ಅದರಲ್ಲಿ ಹಳ್ಳಿ ಜನಕ್ಕೆ ಭೇರಿ ಹೊಡೆಸಿ ತಿಳಿಸಿ ಅಂತ ಅಧಿಕಾರಿಗಳಿಗೆ ಆಜ್ಞೆ ಇದೆ ಅಂತ ಹೇಳಿದೆ. ಅಪ್ಪ ಅಲ್ಲೀತನಕ ಬಂಡೆಗೆ ಬೆನ್ನು ಕೊಟ್ಟು ಸುಮ್ಮನೆ ಕೂತಿದ್ದರು.

“ಅಂದ್ರ ಡಂಗುರ ಅನ್ನು,” ಅಂದರು. “ನಮ್ಮೂರಾಗ ಕಾಲುವಿ ನೀರು ಬಿಡೋದು, ಜಾತ್ರಿ, ಎಲ್ಲಾ ಹಲಗಿ ಬಡದೇ ಹೇಳ್ತಿದ್ರು.”

“ಹೆಂಗ ಹೇಳ್ತಿದ್ರು ತಾತಾ?”

ಅಪ್ಪ ಎದ್ದು ನಿಂತರು. ಗಂಟಲು ಸರಿ ಮಾಡಿಕೊಂಡು, ಊರ ಅಗಸಿ ಮುಂದೆ ನಿಂತವರ ಹಾಗೆ, ಸಣ್ಣವರೂ ದೊಡ್ಡವರೂ ಕೇಳ್ರಪ್ಪೋ ಕೇಳ್ರಿ ಅಂತ ಕೂಗಿದರು. ಮಕ್ಕಳು ಉಳಿದದ್ದನ್ನ ಹಾಳೆ ನೋಡಿಕೊಂಡು ಮುಂದುವರಿಸಿದರು.