ಹೊಳೆಯುವ ಅಣು ಬಾವಿಯ ನೀರಿಗೆ ಒಗ್ಗೀತೆ?

ನೀರಿನಲ್ಲಿರುವ ಲೋಹದ ಅಯಾನುಗಳನ್ನು ಪತ್ತೆಹಚ್ಚುವ ಪ್ರತಿದೀಪ್ತಿ ಸಂವೇದಕಗಳ ಬಗ್ಗೆ ನೀವು ಓದಿರಬಹುದು. ಅತಿನೇರಳೆ ಬೆಳಕು ಬಿದ್ದಾಗ ಹೊಳೆಯುವ ಅಣುವಿಗೆ ಲೋಹದ ಅಯಾನು ಅಂಟಿಕೊಂಡರೆ ಹೊಳಪು ಹೆಚ್ಚುತ್ತದೆ, ಇಲ್ಲವೇ ಕುಗ್ಗುತ್ತದೆ. ತತ್ತ್ವ ಹಳೆಯದು. 1867ರಲ್ಲೇ ಗೊಪ್ಪೆಲ್ಸ್‌ರೋಡರ್ ಮೋರಿನ್ ಎಂಬ ಸಸ್ಯವರ್ಣದಿಂದ ಅಲ್ಯೂಮಿನಿಯಮನ್ನು ಹೀಗೆ ಗುರುತಿಸಿದ್ದರು. ಇಂದು ಇಂಥ ಅಣುಗಳ ಕುರಿತ ಪ್ರಬಂಧಗಳು ಸಾಲುಸಾಲಾಗಿ ಬರುತ್ತಿವೆ. ಅವುಗಳಲ್ಲಿ ಅನೇಕವುಗಳ ಬಗ್ಗೆ ನನ್ನ ಆಕ್ಷೇಪ ಎರಡು.

ಮೊದಲನೆಯದು ಪತ್ತೆಮಿತಿ. ಲೀಟರಿಗೆ 1 ಮೈಕ್ರೊಮೋಲ್ ಸೀಸವನ್ನೂ ಗುರುತಿಸಬಲ್ಲೆವು ಎಂಬ ಮಾತು ಕೇಳಲು ಹಿತ. ಸೀಸದ ಪರಮಾಣು ತೂಕ 207. ಆದ್ದರಿಂದ ಅದು 207 ಮೈಕ್ರೊಗ್ರಾಂ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500 ಒಪ್ಪುವುದು ಲೀಟರಿಗೆ 10 ಮೈಕ್ರೊಗ್ರಾಂ ಮಾತ್ರ. ಮಿತಿಯ ಹತ್ತು ಪಟ್ಟು ಸೀಸವಿದ್ದರೂ ನೀರು ಈ ಪರೀಕ್ಷೆಯಲ್ಲಿ ಪಾಸು. ಅದನ್ನು ಕುಡಿಯುವವರು ಮಕ್ಕಳು.

ಎರಡನೆಯದು ಪರೀಕ್ಷೆಗೆ ಬಳಸುವ ನೀರು. ಎಷ್ಟೋ ಬಾರಿ ಅದು ಅಸಿಟೊನೈಟ್ರೈಲ್‌ನಂಥ ದ್ರಾವಕ ಬೆರೆಸಿದ, ಭಟ್ಟಿ ಇಳಿಸಿದ ನೀರು. ಹೆಗ್ಗಡದೇವನಕೋಟೆ ತಾಲ್ಲೂಕಿನ ಹಂಪಾಪುರದ ಕೊಳವೆಬಾವಿಯಿಂದ ಒಂದು ಲೋಟ ನೀರು ತಂದೆವೆನ್ನಿ. ಅಲ್ಲಿ ಸೀಸವಿದೆ ಎನ್ನುತ್ತಿಲ್ಲ, ಲೆಕ್ಕಕ್ಕೊಂದು ಊರು ಬೇಕಷ್ಟೆ. ಗಡಸುತನವೂ ಸೀಸವೂ ಮಾನಕದ ಒಪ್ಪಿತ ಮಿತಿಯಲ್ಲೇ, ಅಂದರೆ ಲೀಟರಿಗೆ 200 ಮಿಲಿಗ್ರಾಂ ಮತ್ತು 10 ಮೈಕ್ರೊಗ್ರಾಂ ಇದ್ದರೂ, ಸೀಸದ ಒಂದು ಅಯಾನಿಗೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಸುಮಾರು 40 ಸಾವಿರ! ಇತರ ಅಯಾನುಗಳನ್ನು ಹತ್ತಿಪ್ಪತ್ತು ಪಟ್ಟು ಬೆರೆಸಿ ನೋಡಿ, ಅಣು ಸೀಸವನ್ನಷ್ಟೇ ಆರಿಸಿಕೊಳ್ಳುತ್ತದೆ ಎಂದರೆ ಸಾಲದು.

ಹಾಗೆಂದು ಪ್ರತಿದೀಪ್ತಿಯನ್ನೇ ಹಳಿಯಬೇಕಿಲ್ಲ. ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. 57 ಹಳ್ಳಿಗಳಲ್ಲಿ ಯುರೇನಿಯಂ, ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೀಟರಿಗೆ 30 ಮೈಕ್ರೊಗ್ರಾಂ ಮಿತಿಯನ್ನು ಮೀರಿತ್ತು. ಇಂಥ ನೀರಿನ ಯುರೇನಿಯಮನ್ನು ಪ್ರತಿದೀಪ್ತಿಯಿಂದಲೇ ನಂಬಲರ್ಹವಾಗಿ ಅಳೆಯಬಹುದು. ಯುರೇನೈಲ್ ಅಯಾನು ತಾನೇ ಹಸಿರಾಗಿ ಹೊಳೆಯುತ್ತದೆ. ಫಾಸ್ಫೇಟ್ ಬೆರೆಸಿದರೆ ಹೊಳಪು ಹೆಚ್ಚು ಹೊತ್ತು ನಿಲ್ಲುತ್ತದೆ. ನೀರಿನ ಸಾವಯವ ವಸ್ತುಗಳ ಹೊಳಪು ನ್ಯಾನೊಸೆಕೆಂಡುಗಳಲ್ಲಿ ಆರುವುದರಿಂದ, ಕೆಲವು ಮೈಕ್ರೊಸೆಕೆಂಡು ತಡೆದು ಅಳೆದರೆ ಯುರೇನಿಯಮಿನ ಬೆಳಕೇ ಉಳಿಯುತ್ತದೆ. ಬಳಿಕ ಅದೇ ನೀರಿಗೆ ಗೊತ್ತಾದ ಪ್ರಮಾಣದ ಯುರೇನಿಯಂ ಸೇರಿಸಿ ಮತ್ತೆ ಅಳೆಯುತ್ತಾರೆ. ಹೀಗೆ ಬಾವಿಯ ನೀರಿನಲ್ಲೇ ಅಳತೆ ಸರಿಹೊಂದುತ್ತದೆ.

ಇನ್ನು ಮುಂದೆ ಹೊಸ ಸಂವೇದಕದ ಸುದ್ದಿ ಓದಿದಾಗ ನೀವೂ ಕೇಳಿ: ಪತ್ತೆಮಿತಿ ಎಷ್ಟು ಮೈಕ್ರೊಗ್ರಾಂ? ಪರೀಕ್ಷಿಸಿದ್ದು ಯಾವ ಬಾವಿಯ ನೀರಿನಲ್ಲಿ?